ಕಡಲಮೊಲದ ನೆನಪು

ನೆನಪು ಮನುಷ್ಯನ ಸೊತ್ತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಾವ್ಯ, ಪುರಾಣ, ಇತಿಹಾಸಗಳೆಲ್ಲ ಅದರ ಸಂತಾನವೆಂಬುದು ನಮ್ಮ ಹೆಮ್ಮೆ. ಆದರೆ ನೆನಪಿನ ಗುಟ್ಟನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟದ್ದು ಬೆನ್ನೆಲುಬಿಲ್ಲದ ಒಂದು ಕಡಲ ಜೀವಿ. ಬಸವನಹುಳುವಿನ ಬಳಗಕ್ಕೆ ಸೇರಿದ ಇದರ ತಲೆಯ ಮೇಲೆ ಮೊಲದ ಕಿವಿಗಳಂತೆ ಎರಡು ಸ್ಪರ್ಶಾಂಗಗಳು ನಿಂತಿರುತ್ತವೆ. ಪ್ರಾಚೀನ ರೋಮನರು ಇದನ್ನು ಕಡಲಮೊಲವೆಂದು ಕರೆದರು. ಶಾಸ್ತ್ರದಲ್ಲಿ ಇದರ ಹೆಸರು ಅಪ್ಲೀಸಿಯಾ.

ಇದನ್ನು ನೆನಪಿನ ಅಧ್ಯಯನದ ನಡುಮನೆಗೆ ತಂದವರು ಎರಿಕ್ ಕ್ಯಾಂಡೆಲ್. 1929ರಲ್ಲಿ ವಿಯೆನ್ನಾ ನಗರದ ಯೆಹೂದಿ ಮನೆತನವೊಂದರಲ್ಲಿ ಹುಟ್ಟಿದ ಅವರಿಗೆ, 1938ರಲ್ಲಿ ಹಿಟ್ಲರನ ಸೇನೆ ಆ ನಗರವನ್ನು ಹೊಕ್ಕಾಗ ಎಂಟು ವರ್ಷ. ಮರುವರ್ಷ ಅಮೆರಿಕಕ್ಕೆ ವಲಸೆ. ಹಾರ್ವರ್ಡಿನಲ್ಲಿ ಅವರು ಮೊದಲು ಓದಿದ್ದು ಇತಿಹಾಸ ಮತ್ತು ಸಾಹಿತ್ಯ. ಬರೆದ ಪ್ರಬಂಧ, ಮೂವರು ಜರ್ಮನ್ ಲೇಖಕರು ನಾಜಿ ಆಳ್ವಿಕೆಯನ್ನು ಕಂಡ ಬಗೆಯನ್ನು ಕುರಿತು. ಅನಂತರ ವೈದ್ಯರಾದರು, ಮನೋವೈದ್ಯರಾದರು. ಮನಸ್ಸಿನ ಬಗೆಗಿನ ತಮ್ಮ ಕುತೂಹಲಕ್ಕೆ ವಿಯೆನ್ನಾದ ಆ ಕೊನೆಯ ವರ್ಷದ ಅನುಭವವೇ ಬೇರೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ.

1962ರಲ್ಲಿ ಕ್ಯಾಂಡೆಲ್ ಪ್ಯಾರಿಸ್ಸಿಗೆ ಹೋಗಿ, ಲಾಡಿಸ್ಲಾವ್ ಟೌಕ್ ಅವರೊಡನೆ ಕಡಲಮೊಲದ ಮೇಲೆ ಕೆಲಸಕ್ಕೆ ತೊಡಗಿದರು. ಇಂಥ ಹುಳುವಿನಿಂದ ಮನಸ್ಸಿನ ವಿಚಾರ ಕಲಿಯುವುದೆಂತು ಎಂದು ಶಂಕಿಸಿದವರಿದ್ದರು. ಕ್ಯಾಂಡೆಲ್ ಅವರ ಲೆಕ್ಕಾಚಾರ ಬೇರೆ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕಡಲಮೊಲದಲ್ಲಿರುವುದು ಸುಮಾರು 20,000. ಅವುಗಳಲ್ಲಿ ಕೆಲವು ಬರಿಗಣ್ಣಿಗೂ ಕಾಣುವಷ್ಟು ದೊಡ್ಡವು.

ಪ್ರಯೋಗ ಸರಳವಾದದ್ದು. ಈ ಜೀವಿಯ ನೀರುಗೊಳವೆಯನ್ನು ಮೆಲ್ಲನೆ ಮುಟ್ಟಿದರೆ ಅದು ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ, ಅಪಾಯವಿಲ್ಲವೆಂದು ಅರಿತಂತೆ ಸುಮ್ಮನಾಗುತ್ತದೆ. ಇದು ರೂಢಿಯ ಪಾಠ. ಬಾಲಕ್ಕೆ ವಿದ್ಯುತ್ತಿನ ಆಘಾತ ಕೊಟ್ಟು ಬಳಿಕ ಹಗುರಾಗಿ ಮುಟ್ಟಿದರೂ ಅದು ಬೆಚ್ಚಿ ಮುದುಡುತ್ತದೆ. ಇದು ಎಚ್ಚರದ ಪಾಠ. ಒಂದು ಆಘಾತದ ನೆನಪು ಕೆಲವು ನಿಮಿಷ ನಿಲ್ಲುತ್ತದೆ; ಬಿಡುವು ಕೊಟ್ಟು ಹಲವು ಬಾರಿ ಕೊಟ್ಟ ಆಘಾತದ ನೆನಪು ದಿನಗಟ್ಟಲೆ ಉಳಿಯುತ್ತದೆ. ಆಘಾತವಾದಾಗ ಸೆರೊಟೋನಿನ್ ಎಂಬ ರಾಸಾಯನಿಕ ಹೊರಸೂಸಿ ನರಕೋಶಗಳ ನಡುವಣ ಸಂಪರ್ಕವನ್ನು ಬಲಪಡಿಸುತ್ತದೆ. ನೆನಪು ದೀರ್ಘವಾಗಬೇಕಾದರೆ ಹೊಸ ಪ್ರೋಟೀನುಗಳು ತಯಾರಾಗಿ ಹೊಸ ಸಂಪರ್ಕಗಳೇ ಬೆಳೆಯುತ್ತವೆ. ಈ ಶೋಧಕ್ಕಾಗಿ ಕ್ಯಾಂಡೆಲ್ 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಕಥೆ ಇಲ್ಲಿಗೆ ಮುಗಿದಿದ್ದರೆ, ಒಂದು ಕಡಲಮೊಲವನ್ನು ಅರಿತರೆ ಅದರ ವಂಶವನ್ನೆಲ್ಲ ಅರಿತಂತೆ ಎನ್ನಬಹುದಿತ್ತು. ಆದರೆ 1990ರ ದಶಕದಲ್ಲಿ ವಿಲಿಯಂ ರೈಟ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಅಪ್ಲೀಸಿಯಾದ ದಾಯಾದಿಗಳನ್ನೂ ಪರೀಕ್ಷಿಸಿದರು. ಅವುಗಳಲ್ಲಿ ಡೊಲಾಬ್ರಿಫೆರಾ ಎಂಬುದೊಂದು. 1996ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಇದರ ಸ್ಪರ್ಶದ ನರಕೋಶಗಳು ಸೆರೊಟೋನಿನ್ನಿಗೆ ಅಪ್ಲೀಸಿಯಾದಂತೆ ಓಗೊಡಲಿಲ್ಲ. 1998ರಲ್ಲಿ ವರ್ತನೆಯೂ ಅದಕ್ಕೆ ತಾಳೆಯಾಯಿತು. ಮುಟ್ಟಿದರೆ ಮುದುಡುವ ಗುಣ ಇದಕ್ಕಿದೆ. ಆದರೆ ಪೆಟ್ಟು ತಿಂದ ಮೇಲೆ ಹೆಚ್ಚು ಎಚ್ಚರವಾಗುವ ಗುಣ ಕಾಣಲಿಲ್ಲ. ಬಂಧುಗಳನ್ನೆಲ್ಲ ಹೋಲಿಸಿದಾಗ ತೋರಿದ್ದು ಇದು: ಪೂರ್ವಜರಲ್ಲಿದ್ದ ವಿದ್ಯೆಯನ್ನು ಈ ಕವಲು ಕಳೆದುಕೊಂಡಿದೆ.

ಎಚ್ಚರದ ಪಾಠ ಪ್ರಯೋಗಶಾಲೆಯ ಕೃತಕ ಸೃಷ್ಟಿಯೇ ಎಂದು ಯಾರಾದರೂ ಕೇಳಿಯಾರು. ಅಲ್ಲ. ಮುಳ್ಳುಸಿಗಡಿಯ ದಾಳಿಗೆ ಸಿಕ್ಕಿ ಪಾರಾದ ಅಪ್ಲೀಸಿಯಾ ಕೂಡ ಹಾಗೆಯೇ ಚುರುಕಾಗುತ್ತದೆಂದು 2010ರಲ್ಲಿ ಇದೇ ರೈಟ್ ಅವರ ತಂಡ ತೋರಿಸಿತು. ಕಡಲಿನಲ್ಲಿ ಅದು ಜೀವ ಉಳಿಸುವ ಪಾಠ.

ಜೀವಿಗಳನ್ನು ದಡ್ಡರಿಂದ ಜಾಣರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವುದು ನಮಗೆ ಪ್ರಿಯವಾದ ಅಭ್ಯಾಸ. ಮೆಟ್ಟಿಲೇರಿದವನು ಇಳಿಯಲಾರನೆಂಬ ನಂಬಿಕೆಯೂ ಅದರೊಡನೆ ಬಂದಿದೆ. ಡೊಲಾಬ್ರಿಫೆರಾ ಈ ನಂಬಿಕೆಯನ್ನು ಅಲುಗಿಸುತ್ತದೆ. ಒಂದೇ ಮನೆತನದಲ್ಲಿ ಒಬ್ಬರು ಉಳಿಸಿಕೊಂಡ ವಿದ್ಯೆಯನ್ನು ಇನ್ನೊಬ್ಬರು ಬಿಟ್ಟು ಬಾಳಬಲ್ಲರು. ನೆನಪು ಒಮ್ಮೆ ಗಳಿಸಿದರೆ ಎಂದಿಗೂ ಕರಗದ ಆಸ್ತಿಯಲ್ಲ. ಪೆಟ್ಟು ತಿಂದೂ ಎಚ್ಚರಗೊಳ್ಳದಿರುವುದು ಆ ಪುಟ್ಟ ಜೀವಿಗೆ ಸಾಗಬಹುದು. ಇತಿಹಾಸವನ್ನು ಬರೆದಿಟ್ಟುಕೊಳ್ಳುವ ನಮಗೆ ಅದು ಸಾಗದು.