ಓದಲು ಬಾರದ ತಟ್ಟೆ

ಕಳೆದ ಬೇಸಿಗೆ ರಜೆಯಲ್ಲಿ ಕಪಾಟು ಚೊಕ್ಕಟ ಮಾಡುವಾಗ ಆರು ಫ್ಲಾಪಿಗಳು ಸಿಕ್ಕವು. 2003ರಲ್ಲಿ ನನ್ನ ಒಂಬತ್ತನೆಯ ತರಗತಿಯ ಮಕ್ಕಳು ಊರಿನ ಹಿರಿಯರನ್ನು ಕೇಳಿ, ಕೆರೆ, ಬಾವಿ, ಕಸುಬುಗಳ ಕಥೆ ಬರೆದು ಶಾಲೆಯ ಕಂಪ್ಯೂಟರಿಗೆ ತುಂಬಿದ್ದರು. ಫ್ಲಾಪಿ ಓದುವ ಕಂಪ್ಯೂಟರು ಈಗ ಶಾಲೆಯಲ್ಲಿಲ್ಲ. ಅಂದು ಕಥೆ ಹೇಳಿದ ಅಜ್ಜಂದಿರೂ ಇಲ್ಲ.

ಇಂಥ ಸಂಕಟ ಇಂಗ್ಲೆಂಡಿಗೂ ಬಂದಿತ್ತು. ಅಲ್ಲಿನ ರಾಜ ವಿಲಿಯಂ 1086ರಲ್ಲಿ ತನ್ನ ನಾಡಿನ ಹೊಲ, ಗಿರಣಿ, ಜಾನುವಾರುಗಳ ಲೆಕ್ಕ ಬರೆಸಿದ. ಅದೇ ‘ಡೂಮ್ಸ್‌ಡೇ’ ಪುಸ್ತಕ. ಅದರ 900ನೆಯ ವರ್ಷಕ್ಕೆ, 1986ರಲ್ಲಿ, ಬಿಬಿಸಿ ಹೊಸದೊಂದು ಡೂಮ್ಸ್‌ಡೇ ಸಿದ್ಧಪಡಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರು. ಅವರಲ್ಲಿ ಶಾಲಾಮಕ್ಕಳೇ ಬಹಳ. ತಮ್ಮ ಊರಿನ ಅಂಗಡಿ, ಆಟ, ದಿನಚರಿಗಳನ್ನು ಅವರು ಬರೆದು ಕಳಿಸಿದರು. ಎಲ್ಲವೂ ಗ್ರಾಮಾಫೋನ್ ತಟ್ಟೆಯಷ್ಟಗಲದ ಎರಡು ಲೇಸರ್ ತಟ್ಟೆಗಳಲ್ಲಿ ಸೇರಿದವು.

ಆದರೆ ಅವನ್ನು ನೋಡಲು ಬಿಬಿಸಿ ಮಾಸ್ಟರ್ ಎಂಬ ಕಂಪ್ಯೂಟರೂ ಫಿಲಿಪ್ಸ್‌ನ ವಿಶೇಷ ಪ್ಲೇಯರೂ ಬೇಕಿದ್ದವು. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ, ಈ ಮಾಸ್ಟರ್‌ಗೆ ಅಕ್ಕನಿದ್ದಂತೆ. ಬೆಲೆ ವಿಪರೀತವಾದ್ದರಿಂದ, ಬರೆದುಕೊಟ್ಟ ಶಾಲೆಗಳಲ್ಲೇ ಅನೇಕವು ಅದನ್ನು ಕೊಳ್ಳಲಾಗಲಿಲ್ಲ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಯಂತ್ರಗಳೇ ಅಪರೂಪವಾದವು. ಚರ್ಮದ ಹಾಳೆಯ 1086ರ ಪುಸ್ತಕವನ್ನು ಲ್ಯಾಟಿನ್ ಬಲ್ಲವರು ಓದಬಹುದಿತ್ತು. 1986ರ ತಟ್ಟೆಯನ್ನು ಓದುವುದು ದುಸ್ತರವಾಯಿತು!

ಆಗ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ‘ಕಮೀಲಿಯನ್’ ತಂಡ ಈ ಕೆಲಸಕ್ಕೆ ಇಳಿಯಿತು. ಇನ್ನೂ ನಡೆಯುತ್ತಿದ್ದ ಹಳೆಯ ಪ್ಲೇಯರಿನಿಂದ ಬರಹ, ಚಿತ್ರಗಳನ್ನೆಲ್ಲ ನಕಲು ಮಾಡಿಕೊಂಡರು. ಅಷ್ಟೇ ಸಾಲದು. ಯಾವ ಭೂಪಟಕ್ಕೆ ಯಾವ ಚಿತ್ರ, ಯಾವ ಬರಹ ಎಂಬುದು ಹಳೆಯ ಪ್ರೋಗ್ರಾಮಿಗೆ ಮಾತ್ರ ಗೊತ್ತು. ಅದು ಪ್ಲೇಯರಿಗೆ ‘ಇಂಥ ನಂಬರಿನ ಚಿತ್ರ ತೋರಿಸು’ ಎಂದು ಅಪ್ಪಣೆ ಕೊಡುವ ಪ್ರೋಗ್ರಾಮು. ಆದ್ದರಿಂದ ಹೊಸ ಕಂಪ್ಯೂಟರೇ ಬಿಬಿಸಿ ಮಾಸ್ಟರ್‌ನ ವೇಷವನ್ನೂ ಪ್ಲೇಯರಿನ ವೇಷವನ್ನೂ ಕಟ್ಟುವಂತೆ ಮಾಡಿದರು. ಇದಕ್ಕೆ ಎಮ್ಯುಲೇಷನ್ ಎನ್ನುತ್ತಾರೆ. ಹಳೆಯ ಪ್ರೋಗ್ರಾಮು ಎಂದಿನಂತೆ ಅಪ್ಪಣೆ ಕೊಡುತ್ತದೆ. ಹೊಸ ಕಂಪ್ಯೂಟರು ನಕಲಿನಿಂದ ಚಿತ್ರ ತೆಗೆದು ಒಪ್ಪಿಸುತ್ತದೆ. ಯಜಮಾನ ಬದಲಾದದ್ದು, ಆಳು ಬದಲಾದದ್ದು ಪ್ರೋಗ್ರಾಮಿಗೆ ತಿಳಿಯುವುದೇ ಇಲ್ಲ. 2002ರ ಕೊನೆಗೆ ಮಕ್ಕಳ ಬರಹ ಮತ್ತೆ ಪರದೆಯ ಮೇಲೆ ಬಂತು.

ನನಗೆ ಮುಖ್ಯವೆನಿಸಿದ್ದು ಅವರು ಹೊತ್ತು ಮೀರುವ ಮೊದಲೇ ಎದ್ದದ್ದು. ನಕಲು ಮಾಡಲು ಒಂದು ಪ್ಲೇಯರಾದರೂ ಜೀವಂತವಿರಬೇಕಲ್ಲ? ಪ್ಲೇಯರೇ ಸತ್ತ ಮೇಲೆ ಯಾವ ವೇಷವೂ ನೆರವಿಗೆ ಬಾರದು.

ಈ ಧೈರ್ಯದಿಂದಲೇ ಫ್ಲಾಪಿಗಳನ್ನು ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕೊಟ್ಟೆ. ಫ್ಲಾಪಿ ಓದುವ ಸಾಧನವನ್ನು ಅವನು ಹೇಗೋ ಹುಡುಕಿದ. ನಾಲ್ಕು ತೆರೆದವು, ಎರಡಕ್ಕೆ ಬೂಷ್ಟು ಹಿಡಿದಿತ್ತು. ತೆರೆದವುಗಳಲ್ಲೂ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಅಂದಿನ ಕನ್ನಡ ತಂತ್ರಾಂಶ ಬೇಕಿತ್ತು. ಅದು ನಡೆಯಲು ಅಂದಿನ ವಿಂಡೋಸ್ ಬೇಕಿತ್ತು. ತನ್ನ ಹೊಸ ಕಂಪ್ಯೂಟರಿಗೆ ಅವನು ಹಳೆಯ ಕಂಪ್ಯೂಟರಿನ ವೇಷ ಹಾಕಿಸಿ ಎರಡನ್ನೂ ಎಬ್ಬಿಸಿದ. ಅಕ್ಷರಗಳು ಮೂಡಿದವು: ‘ನಮ್ಮ ಕೆರೆಗೆ ಎರಡು ತೂಬು. ಒಂದನ್ನು ಮಣ್ಣು ಮುಚ್ಚಿದೆ ಎಂದು ಅಜ್ಜ ಹೇಳಿದರು.’

“ಟೀಚರ್, ಇದು ನಾನೇ ಬರೆದದ್ದು” ಎಂದ ಫೋನಿನಲ್ಲಿ. ನಾಲ್ಕನ್ನೂ ಅಚ್ಚು ಹಾಕಿಸಿ ಶಾಲೆಯ ಗ್ರಂಥಾಲಯದಲ್ಲಿಟ್ಟಿದ್ದೇನೆ. ಉಳಿದೆರಡರಲ್ಲಿ ಬಾವಿಗಳ ಕಥೆ ಇತ್ತು.