ಸಸೂನ್ ಡಾಕ್: ಅರಳೆಯ ಗೋದಾಮಿನಲ್ಲಿ ಸೀಗಡಿ

ಬಂದರಿನ ಚರಿತ್ರೆ ಬರೆಯೋರು ಸಾಮಾನ್ಯವಾಗಿ ಹಡಗಿನ ಮೇಲೆ ನಿಂತು ಬರೆಯುತ್ತಾರೆ. ಯಾರು ಕಟ್ಟಿಸಿದರು, ಎಷ್ಟು ಹಡಗು ಬಂತು, ಎಷ್ಟು ಸುಂಕ ಬಿತ್ತು ಅಂತ. ಧಕ್ಕೆಯ ಒದ್ದೆ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮೀನು ಹಸನು ಮಾಡುವ ಹೆಂಗಸಿನ ಲೆಕ್ಕ ಆ ಪುಟಗಳಲ್ಲಿ ಸಿಗೋದಿಲ್ಲ. ಮುಂಬಯಿಯ ಕೊಲಾಬಾದಲ್ಲಿರುವ ಸಸೂನ್ ಡಾಕಿನ ಕತೆಯನ್ನು ಅವಳ ಕಡೆಯಿಂದ ನೋಡಬೇಕಾಗಿದೆ. ಆ ಕತೆಯ ಒಂದು ತುದಿ ನಮ್ಮ ಧಾರವಾಡ ಸೀಮೆಯ ಎರೆಹೊಲದಲ್ಲಿದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಅಲ್ಲಿನ ಕಪ್ಪು ಗುಲಾಮರು ಬೆಳೆದು ಬಿಡಿಸಿದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರೋದು ಕಡಿದುಹೋಯಿತು. ಮ್ಯಾಂಚೆಸ್ಟರಿನ ಧಣಿಗಳು ನಮ್ಮ ಕರೀ ಮಣ್ಣಿನ ಮೇಲೆ ಕಣ್ಣಿಟ್ಟರು. ಹುಬ್ಬಳ್ಳಿ-ಧಾರವಾಡದ ಜವಾರಿ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು, ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ. ಬೆಳೆದವನು ಧಾರವಾಡದ ರೈತ, ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ! ಈ ಹತ್ತಿ ಸಾಗಿಸಲು ಕಾರವಾರ ಬಂದರನ್ನು ಬೆಳೆಸಬೇಕು ಅಂತ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಹಚ್ಚಿದರು. ಅರಳೆಗಾಗಿ ಒಂದು ಇಡೀ ಜಿಲ್ಲೆಯನ್ನೇ ಎತ್ತಿ ಬೇರೆ ಕಡೆ ಇಟ್ಟರು ಅನ್ನಿ. ಅಲ್ಲಿನ ಜನರನ್ನು ಕೇಳಿದವರಾರು?

1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು. ಮುಂಬಯಿಯಲ್ಲಿ ಶೇರು ಜೂಜಾಡಿದ ಶ್ರೀಮಂತರು ದಿವಾಳಿ ಎದ್ದರು. ರೈತನ ಹೆಗಲಿಗೆ ಸಾಲ ಉಳಿಯಿತು. ಆದರೆ ಹಳ್ಳಿ ಹಾಳಾಯಿತು ಅಂತ ಬಂದರು ಕಟ್ಟೋದು ನಿಲ್ಲುತ್ತದೆಯೇ? ಬಾಗ್ದಾದಿನಿಂದ ಬಂದು ಹತ್ತಿ, ಅಫೀಮುಗಳ ವ್ಯಾಪಾರದಲ್ಲಿ ಬೆಳೆದ ಡೇವಿಡ್ ಸಸೂನ್ ಮನೆತನದ ಮಗ ಆಲ್ಬರ್ಟ್ ಸಸೂನ್, ಕೊಲಾಬಾದಲ್ಲಿ ಸಮುದ್ರ ತುಂಬಿಸಿ ಪಡೆದ ನೆಲದ ಮೇಲೆ 1875ರಲ್ಲಿ ಈ ಡಾಕನ್ನು ತೆರೆದ. ಪಶ್ಚಿಮ ಭಾರತದಲ್ಲಿ ಇಂಥದ್ದು ಮೊದಲನೆಯದು. ಅದೇ 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಎದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಮುಂದಿನ ವರ್ಷವೇ ದೊಡ್ಡ ಬರ. 1876ರಿಂದ 1878ರವರೆಗೆ ವಿಜಾಪುರ, ಧಾರವಾಡದ ಕಡೆ ಜನ, ದನ ಎರಡೂ ಉದುರಿದವು. ಡಾಕಿನ ವರ್ಣನೆ ಮಾಡುವ ಪುಸ್ತಕಗಳಲ್ಲಿ ಈ ಮೂರು ಸಂಗತಿ ಒಂದೇ ಪುಟದಲ್ಲಿ ಬರೋದಿಲ್ಲ.

ಕಲ್ಲು ಜೋಡಿಸಿ ಕೊಳ ಕಟ್ಟಿ, ಸುತ್ತ ಗೋದಾಮು ಎಬ್ಬಿಸಿದ್ದು ಹತ್ತಿಯ ಅಂಡಿಗೆಗಾಗಿ. ಅಲ್ಲಿ ಮೊದಲಿನಿಂದ ಬಲೆ ಒಣಹಾಕುತ್ತಿದ್ದ ಕೋಳಿ ಜನರಿಗಾಗಿ ಅಲ್ಲ. ಆದರೆ ಬಂಡವಾಳ ಒಂದೇ ಕಡೆ ಬಹಳ ದಿನ ಕೂಡುವುದಿಲ್ಲ. 1880ರಲ್ಲಿ ಪ್ರಿನ್ಸಸ್ ಡಾಕ್, 1888ರಲ್ಲಿ ವಿಕ್ಟೋರಿಯಾ, 1914ರಲ್ಲಿ ಅಲೆಕ್ಸಾಂಡ್ರಾ ಎದ್ದವು. ದೊಡ್ಡ ಹಡಗುಗಳು ಅತ್ತ ಹೋದವು. 1920ರ ದಶಕದಲ್ಲಿ ಹತ್ತಿ ವ್ಯಾಪಾರವೂ ಕೊಲಾಬಾ ಬಿಟ್ಟು ಶಿವಡಿಯ ಕಡೆ ನಡೆಯಿತು. ಇತ್ತ ರೈಲು ಬಂದು ಕುಮಟೆಯ ಧಕ್ಕೆಯೂ ಬಿಕೋ ಅಂದಿತ್ತು. ಹಡಗಿನವರಿಗೆ ಸಾಲದಾದ ಸಣ್ಣ ಕೊಳ ಮೀನಿನ ದೋಣಿಗೆ ಸರಿಹೋಯಿತು. ಇದನ್ನು ಯಾರೋ ಮೀನುಗಾರರಿಗೆ ಕೊಟ್ಟ ದಾನ ಅನ್ನೋದು ತಪ್ಪು. ಧಣಿಗಳು ಬಿಟ್ಟುಹೋದದ್ದನ್ನು ದುಡಿಯೋ ಜನ ಬಳಕೆಗೆ ತಂದರು, ಅಷ್ಟೆ.

ಹೀಗೆ ಅಂಡಿಗೆ ಇದ್ದ ಜಾಗಕ್ಕೆ ಬರ್ಫ ಬಂತು. ಯಂತ್ರದ ದೋಣಿಗಳು ಹೆಚ್ಚಿದ ಮೇಲೆ, ಅದರಲ್ಲೂ 1960ರ ದಶಕದಿಂದ ಸೀಗಡಿ ಅಮೆರಿಕ, ಜಪಾನುಗಳಿಗೆ ಹೋಗತೊಡಗಿದ ಮೇಲೆ, ಹಳೇ ಗೋದಾಮುಗಳಲ್ಲಿ ಹೊಸ ಕೆಲಸ ಹುಟ್ಟಿತು. ಬೆಳಕು ಹರಿಯುವ ಮುಂಚೆ ದೋಣಿ ಬರುತ್ತವೆ, ಹರಾಜು ಕೂಗುತ್ತಾರೆ, ಬುಟ್ಟಿ ಏಳುತ್ತವೆ. ಆಮೇಲೆ ನೆಲದ ಮೇಲೆ ಸೀಗಡಿಯ ರಾಶಿ. ತಲೆ ಮುರಿದು, ಸಿಪ್ಪೆ ಸುಲಿದು, ಕರುಳಿನ ಎಳೆ ತೆಗೆಯಬೇಕು. ಬರ್ಫದ ನೀರು, ಸೀಗಡಿಯ ರಸ, ಚೂಪು ಮೂತಿ. ಬೆರಳ ತೊಗಲು ಕಿತ್ತುಬರುತ್ತದೆ. ಕೂಲಿ ದಿನಕ್ಕಲ್ಲ, ಸುಲಿದ ತೂಕಕ್ಕೆ.

ಅಲ್ಲಿ ಸುಲಿಯುವವರಲ್ಲಿ ಕೋಳಿ ಹೆಂಗಸರ ಜೊತೆ ಬಂಜಾರ ಹೆಂಗಸರು ಇದ್ದಾರೆ, ನಮ್ಮ ಕಡೆ ಲಂಬಾಣಿಗರು ಅನ್ನುತ್ತೇವಲ್ಲ, ಅವರು. ಸ್ವಲ್ಪ ನಿಲ್ಲಿ. ಈ ಜನ ಒಂದು ಕಾಲಕ್ಕೆ ಹೇರೆತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಕಾಳನ್ನು ಇನ್ನೊಂದು ಕಡೆಗೆ ಸಾಗಿಸಿದವರು. ಸಮುದ್ರಕ್ಕೂ ಎರೆಹೊಲಕ್ಕೂ ನಂಟು ಕಟ್ಟಿದ್ದೇ ಇವರ ಎತ್ತು. ಬ್ರಿಟಿಷರ ರಸ್ತೆ, ರೈಲು, ಉಪ್ಪಿನ ಕಾಯಿದೆ ಆ ಕಸುಬನ್ನು ಕೊಂದವು. ಕಸುಬು ಕೊಂದು ಸುಮ್ಮನಿರಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಮೇಲೆ ಹಲವು ಕಡೆ ಇವರನ್ನು ಹುಟ್ಟುಕಳ್ಳರ ಪಟ್ಟಿಗೆ ಸೇರಿಸಿದರು. ಹತ್ತಿ ಸಾಗಿಸಲು ಹಾಕಿದ ಅದೇ ಹಳಿ ಇವರನ್ನು ಬೀದಿಗೆ ತಂದಿತು, ಮೊಮ್ಮಕ್ಕಳನ್ನು ಕೂಲಿಗೆ ಮುಂಬಯಿಗೂ ತಂದಿತು. ವಿಜಾಪುರ, ಕಲಬುರಗಿಯ ತಾಂಡಾಗಳಿಂದ ಗುಳೆ ಹೋಗೋದು ಯಾರಿಗೆ ಗೊತ್ತಿಲ್ಲ? ಇನ್ನೊಂದು ಮಾತು: ಕರ್ನಾಟಕದಲ್ಲಿ ಲಂಬಾಣಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಅವರು ಆ ಪಟ್ಟಿಯಲ್ಲಿ ಇಲ್ಲ, ವಿಮುಕ್ತ ಜಾತಿಯವರು. ಗಡಿ ದಾಟಿದರೆ ಕಾಗದದ ಮೇಲೆ ಬೇರೆ ಮನುಷ್ಯರು. ಸೀಗಡಿಯ ಬುಟ್ಟಿ ಮಾತ್ರ ಅದೇ.

2017ರಲ್ಲಿ ಈ ಡಾಕಿನ ಗೋದಾಮುಗಳಲ್ಲಿ ದೊಡ್ಡ ಕಲಾಪ್ರದರ್ಶನ ನಡೆಯಿತು. ದುಡಿಯುವವರ ಮುಖಗಳನ್ನು ಆಳೆತ್ತರ ಹಿಗ್ಗಿಸಿ ಗೋಡೆಗೆ ಅಂಟಿಸಿದರು. ಚಿತ್ರ ಚೆನ್ನಾಗಿದ್ದವು, ಅದನ್ನು ಹಳಿಯೋದಿಲ್ಲ. ಆದರೆ ಗೋಡೆಗೇರಿದ ಮುಖ ಬಾಡಿಗೆ ಚೀಟಿಗೆ ಏರಲಿಲ್ಲ. ಮೀನು ಬಂದರುಗಳನ್ನು ಹೊಸದು ಮಾಡೋ ಮಾತು 2020ರ ಮತ್ಸ್ಯ ಸಂಪದ ಯೋಜನೆಯ ನಂತರ ದೇಶದ ತುಂಬ ಜೋರಾಗಿದೆ. 20,050 ಕೋಟಿ ರೂಪಾಯಿಯ ಯೋಜನೆ ಅದು. ಹರಾಜು ಕಟ್ಟೆ, ಶೀತಲಗೃಹ, ಚರಂಡಿ, ತೊಳೆಯಲು ಬರುವ ನೆಲ, ಎಲ್ಲ ಬೇಕು. ಕೊಳೆ ನೀರಲ್ಲಿ ಕೂತು ದುಡಿಯೋದು ಪರಂಪರೆ ಅಂತ ಹೊಗಳೋರು ಒಂದು ದಿನ ಅಲ್ಲಿ ಕೂತು ನೋಡಲಿ. ನನ್ನ ತಕರಾರು ನಕ್ಷೆಯ ಬಗ್ಗೆ. ದೋಣಿಯವನಿಗೆ ಸಂಘವಿದೆ, ವ್ಯಾಪಾರಿಗೆ ಗಾಳೆಯ ಕರಾರಿದೆ, ರಫ್ತಿನವನಿಗೆ ಪರವಾನಗಿ ಇದೆ. ಸುಲಿಯುವವಳು ಆ ಕಟ್ಟಡದಲ್ಲಿ ಕೂತಿದ್ದಾಳೆ ಅನ್ನೋದಕ್ಕೆ ಒಂದು ಚೂರು ಕಾಗದವಿಲ್ಲ. ಯಂತ್ರ ತಂದು ಅವಳ ಜಾಗ ತುಂಬಿದರೆ ಅದನ್ನು ತೆರವು ಅಂತ ಕೂಡ ಯಾರೂ ಕರೆಯೋದಿಲ್ಲ. ನಕ್ಷೆಯಲ್ಲಿ ಇಲ್ಲದವಳನ್ನು ಎಬ್ಬಿಸೋದು ಹೇಗೆ?

ಪಡುವಣ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ದೋಣಿಗಳು ಸಸೂನ್ ಕಟ್ಟಿಸಿದ ಕಲ್ಲಿಗೆ ಹಗ್ಗ ಬಿಗಿದು ನಿಲ್ಲುತ್ತವೆ. ಆ ಎರಡು ತಿಂಗಳ ಪರಿಹಾರದ ಪಟ್ಟಿ ಮೀನುಗಾರ ಅಂತ ಹೆಸರು ಬರೆಸಿದವರದು. ಸೀಗಡಿ ಸುಲಿಯುವವಳು ಸಮುದ್ರಕ್ಕೆ ಹೋದವಳಲ್ಲ. ಅವಳು ಕತ್ತಿ, ಬುಟ್ಟಿ ಗೋದಾಮಿನ ಮೂಲೆಯಲ್ಲಿಟ್ಟು ಬೇರೆ ಕೂಲಿ ಹುಡುಕಿಕೊಂಡು ಹೋಗುತ್ತಾಳೆ. ಆಗಸ್ಟಿನಲ್ಲಿ ಮರಳಿ ಬಂದಾಗ ಆ ಮೂಲೆ ತನ್ನದಾಗಿಯೇ ಇದ್ದರೆ ಕೂರುತ್ತಾಳೆ.