ನೆಲದಿಂದ ಏಳುವ ಬಲ: ಲಚ್ಯಾಣ ಸೀಮೆಯ ಹಿರಿಯರು ಮತ್ತು ಶುಶ್ರೂಷಾ ಸಂಶೋಧನೆಯ ಅಳತೆಗೋಲು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾದ ಊರು. ಸೊಲ್ಲಾಪುರ–ವಿಜಯಪುರ ರೈಲು ಮಾರ್ಗದಲ್ಲಿ ಇದಕ್ಕೊಂದು ಸಣ್ಣ ನಿಲ್ದಾಣವೂ ಇದೆ. ಸುತ್ತಲೂ ಬಿಳಿಜೋಳದ ಎರೆಹೊಲ, ನಿಂಬೆ ತೋಟ, ನೀರಿದ್ದಲ್ಲಿ ಕಬ್ಬು. ಮಳೆ ಕೈಕೊಟ್ಟ ವರ್ಷ ದುಡಿಯುವ ವಯಸ್ಸಿನವರು ಪುಣೆ, ಮುಂಬೈ, ಗೋವಾ ಕಡೆ ಗುಳೆ ಹೋಗುತ್ತಾರೆ. ಮನೆ ಕಾಯುವವರು ಮುದುಕರು, ಅವರ ಕೈಗೆ ಬಿಟ್ಟ ಮೊಮ್ಮಕ್ಕಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲೆಲ್ಲ ಇದು ಕಂಡುಬರುವ ಮಾತೇ. ಎಪ್ಪತ್ತು ದಾಟಿದ ಹೆಂಗಸೊಬ್ಬಳು ತಾನೇ ನೀರು ತಂದು, ಒಲೆ ಹೊತ್ತಿಸಿ, ಎರಡು ಮಕ್ಕಳನ್ನು ಶಾಲೆಗೆ ಕಳಿಸಿ, ತನ್ನ ಬಿಪಿ ಗುಳಿಗೆಯನ್ನೂ ಮರೆಯದೆ ನುಂಗಬೇಕಾದ ಈ ಪರಿಸ್ಥಿತಿಯಲ್ಲಿ ಅವಳ ಆರೋಗ್ಯವನ್ನು ಅಳೆಯುವುದು ಹೇಗೆ? ರೋಗಗಳ ಪಟ್ಟಿ ಇದಕ್ಕೆ ಅರ್ಧ ಉತ್ತರ ಮಾತ್ರ. ಬೆಳಗಿನಿಂದ ರಾತ್ರಿಯವರೆಗೆ ಅವಳು ಏನು ಮಾಡಬಲ್ಲಳು, ಏನನ್ನು ಬಿಟ್ಟುಕೊಟ್ಟಿದ್ದಾಳೆ ಎಂಬುದು ಉಳಿದರ್ಧ. ಆ ಅರ್ಧ ಶುಶ್ರೂಷಾ ಶಾಸ್ತ್ರದ ಪಾಲಿನದು. ಅದನ್ನು ಅಳೆಯಲು ನಮ್ಮ ನರ್ಸಿಂಗ್ ಸಂಶೋಧನೆ ಬಳಸುವ ಅಳತೆಗೋಲುಗಳು ಈ ನೆಲದ ಬದುಕಿಗೆ ಹೊಂದುವುದಿಲ್ಲ, ಹೊಂದಿಸಿಕೊಳ್ಳದ ಹೊರತು ಅವು ನಮ್ಮ ಹಿರಿಯರ ಬಗ್ಗೆ ತಪ್ಪು ಸಾಕ್ಷಿ ಹೇಳುತ್ತವೆ ಎಂಬುದು ಈ ಲೇಖನದ ವಾದ.

ಅಳತೆಗೋಲುಗಳ ಹುಟ್ಟು

ದೈನಂದಿನ ಚಟುವಟಿಕೆಗಳ ಅಳತೆ ಎಂದಕೂಡಲೇ ನೆನಪಾಗುವುದು ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಸೂಚ್ಯಂಕ. ಸ್ನಾನ, ಉಡುಪು, ಶೌಚ, ಹಾಸಿಗೆ–ಕುರ್ಚಿಗಳ ನಡುವೆ ಏಳುವುದು ಕೂರುವುದು, ಮಲಮೂತ್ರಗಳ ಹಿಡಿತ, ಊಟ ಎಂಬ ಆರು ಕೆಲಸಗಳು ಅದರಲ್ಲಿವೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ ವೃದ್ಧರನ್ನು ಗಮನಿಸುತ್ತ ರೂಪುಗೊಂಡ ಅಳತೆ ಅದು. ಮಗು ಕಲಿತ ಕ್ರಮಕ್ಕೆ ತಿರುಗುಮುರುಗಾಗಿ ಮುಪ್ಪಿನಲ್ಲಿ ಕೆಲಸಗಳು ಕೈಬಿಡುತ್ತವೆ ಎಂಬ ಕಾಟ್ಜ್ ಅವರ ಕಾಣ್ಕೆ ಇಂದಿಗೂ ಬೆಲೆಯುಳ್ಳದ್ದು. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಇದರ ಮೇಲಿನ ಮೆಟ್ಟಿಲನ್ನು ಕಟ್ಟಿದರು: ಫೋನು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಪ್ರಯಾಣ, ಔಷಧಿ, ಹಣಕಾಸು ಎಂಬ ಎಂಟು. ಆ ಕಾಲದ ರೂಢಿಗೆ ತಕ್ಕಂತೆ ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದನ್ನು ಎಣಿಸದೆ ಐದಕ್ಕೇ ಅಂಕ ಕೊಡುತ್ತಿದ್ದರು. ಹೆಂಡತಿ ತೀರಿಹೋಗಿ, ಮಗ–ಸೊಸೆ ಕಬ್ಬು ಕಡಿಯಲು ಹೋದ ಮನೆಯ ಒಂಟಿ ಮುದುಕನಿಗೆ ಈ ಐದಕ್ಕೆ ಐದೂ ಬರಬಹುದು. ಆದರೆ ಹೊತ್ತಿಗೆ ಸರಿಯಾಗಿ ಎರಡು ತುತ್ತು ಬೇಯಿಸಿಕೊಳ್ಳಲು ಅವನಿಗೆ ಬಾರದೆ ಇರಬಹುದು. ನಮ್ಮಲ್ಲಿ ಈ ಅಳತೆಯನ್ನು ಬಳಸುವವರು ಎಂಟನ್ನೂ ಗಂಡಸರಿಗೆ ಕೇಳಲೇಬೇಕು.

ದೇಶದ ಮಟ್ಟದ ಚಿತ್ರ ನಮ್ಮ ಮುಂದಿದೆ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017–18ರಲ್ಲಿ ನಡೆಸಿದ ‘ಲಾಸಿ’ ಸಮೀಕ್ಷೆ 45 ವರ್ಷ ಮೀರಿದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ಅರವತ್ತು ದಾಟಿದವರಲ್ಲಿ ಕಾಲು ಭಾಗದಷ್ಟು ಮಂದಿಗೆ ಮೂಲ ಕೆಲಸಗಳಲ್ಲಿ ಒಂದಾದರೂ ಕಷ್ಟ. ಹಣಕಾಸು, ಅಂಗಡಿಯಂಥ ಕೆಲಸಗಳಲ್ಲಿ ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಕಷ್ಟ. 2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ಮೀರಿದವರು ಶೇ. 9.5ರಷ್ಟಿದ್ದರು, ದೇಶದ ಸರಾಸರಿಗಿಂತ ಹೆಚ್ಚು. ಆದರೆ ದೇಶದ ಸರಾಸರಿ ಲಚ್ಯಾಣದ ಓಣಿಯಲ್ಲಿ ಯಾರ ಮನೆಗೆ ನರ್ಸ್ ಹೋಗಬೇಕು ಎಂದು ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಸ್ಥಳೀಯ ಅಧ್ಯಯನವೇ.

ಕುರ್ಚಿ ಇಲ್ಲದ ಮನೆ

ಬೀಳುವ ಅಪಾಯ ತಿಳಿಯಲು ಜಗತ್ತಿನಾದ್ಯಂತ ಬಳಸುವ ಪರೀಕ್ಷೆಯೊಂದಿದೆ. ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ 1991ರಲ್ಲಿ ರೂಪಿಸಿದ್ದು. ಕೈಗಳಿರುವ ಕುರ್ಚಿಯಿಂದ ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು ಕೂರುವುದಕ್ಕೆ ಎಷ್ಟು ಸೆಕೆಂಡು ಬೇಕಾಯಿತು ಎಂದು ನೋಡುತ್ತಾರೆ. ಒಳ್ಳೆಯ ಪರೀಕ್ಷೆ. ಆದರೆ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ಉಣ್ಣುವ, ನೆಲದ ಮೇಲೆ ಹಾಸಿಕೊಂಡು ಮಲಗುವ, ತುದಿಗಾಲಲ್ಲಿ ಕೂತು ಶೌಚಕ್ಕೆ ಹೋಗುವ ಹಿರಿಯರ ನಿಜವಾದ ಕಷ್ಟ ಆ ಕುರ್ಚಿಗಿಂತ ಕೆಳಗಿದೆ. ಕುರ್ಚಿಯಿಂದ ಸಲೀಸಾಗಿ ಎದ್ದವರು ನೆಲದಿಂದ ಏಳಲಾರದೆ ಗೋಡೆ ಹಿಡಿಯುವುದುಂಟು. “ಕುಂತರ ಏಳಾಕ ಆಗವಲ್ದು, ಎದ್ದರ ಕುಂದ್ರಾಕ ಆಗವಲ್ದು” ಎಂಬುದು ಈ ಸೀಮೆಯ ಮೊಣಕಾಲು ನೋವಿನ ದಿನನಿತ್ಯದ ಮಾತು. ಬ್ರೆಜಿಲ್‌ನಲ್ಲಿ ಅರಾವುಜೊ ಮತ್ತು ಸಂಗಡಿಗರು 51ರಿಂದ 80 ವಯಸ್ಸಿನ ಎರಡು ಸಾವಿರ ಜನರಲ್ಲಿ ನೆಲಕ್ಕೆ ಕೂತು ಏಳುವ ಪರೀಕ್ಷೆ ನಡೆಸಿ 2012ರಲ್ಲಿ ವರದಿ ಮಾಡಿದರು. ಕೈ, ಮೊಣಕಾಲುಗಳ ಆಸರೆ ಹೆಚ್ಚು ಬೇಕಾದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣವೂ ಹೆಚ್ಚಿತ್ತು. ನೆಲವನ್ನೇ ಆಸನ ಮಾಡಿಕೊಂಡ ನಮ್ಮಲ್ಲಿ ಇಂಥ ಪರೀಕ್ಷೆ ಇನ್ನೂ ಮುಖ್ಯವಾಗಬೇಕಿತ್ತು.

ವಿಜಯಪುರ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಬೆನ್ನು, ಸೊಂಟ, ಮೊಣಕಾಲುಗಳು ಬಿಗಿಯುತ್ತವೆ. ಕುತ್ತಿಗೆ ತಿರುಗಿಸುವುದೂ ಕಷ್ಟವಾಗುತ್ತದೆ. ಇದನ್ನು ‘ವಯಸ್ಸಾತಲ್ಲ’ ಎಂದು ಮನೆಯವರೂ, ಸವೆತದ ಸಂಧಿವಾತವೆಂದು ದಾಖಲೆಯೂ ಹೇಳಿಬಿಟ್ಟರೆ ನೀರಿನ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಚಲನೆಯ ಅಳತೆಯ ಜೊತೆಗೆ ‘ಯಾವ ನೀರು, ಎಷ್ಟು ವರ್ಷದಿಂದ’ ಎಂಬ ಪ್ರಶ್ನೆ ಸಂದರ್ಶನ ಪಟ್ಟಿಯಲ್ಲಿ ಇರಬೇಕೆನ್ನುವುದು ಇದಕ್ಕೇ.

ರೊಟ್ಟಿಯೆಂಬ ಪರೀಕ್ಷೆ

ಅಡುಗೆ ಮಾಡಬಲ್ಲಿರಾ ಎಂಬ ಒಂದೇ ಪ್ರಶ್ನೆಗೆ ಹೌದು–ಅಲ್ಲ ಎಂಬ ಉತ್ತರ ಬರೆದುಕೊಂಡು ಮುಂದೆ ಹೋಗುವ ಸಂಶೋಧಕಿ ಒಂದು ದೊಡ್ಡ ಅವಕಾಶವನ್ನು ಕಳೆದುಕೊಳ್ಳುತ್ತಾಳೆ. ಜೋಳದ ರೊಟ್ಟಿ ಮಾಡುವುದನ್ನು ಹತ್ತಿರ ಕೂತು ನೋಡಬೇಕು. ಎಸರು ಕುದಿಯುವುದನ್ನು ಗಮನಿಸಿ ಹಿಟ್ಟಿಗೆ ಹೊಯ್ಯುವುದಕ್ಕೆ ಕಣ್ಣು ಮತ್ತು ಎಚ್ಚರ ಬೇಕು. ನಾದುವುದಕ್ಕೆ ಅಂಗೈ, ಮಣಿಕಟ್ಟು, ಭುಜದ ಬಲ ಬೇಕು. ಬಡಿಯುವಾಗ ಎರಡೂ ಕೈ ಒಂದೇ ಲಯದಲ್ಲಿ ನಡೆಯಬೇಕು, ರೊಟ್ಟಿ ತಿರುಗುತ್ತ ಅಂಚು ಹರಿಯದಂತೆ ಬೆರಳಿಗೆ ಅದರ ದಪ್ಪ ತಿಳಿಯಬೇಕು. ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ನೀರು ಸವರಿ, ಹೊತ್ತು ನೋಡಿ ಮಗುಚಬೇಕು. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದವಳಿಗೆ ಸುಟ್ಟದ್ದು ತಿಳಿಯುವುದಿಲ್ಲ. ಪೊರೆ ಬಂದ ಕಣ್ಣಿಗೆ ಹೊಗೆಯಲ್ಲಿ ಹಂಚಿನ ಅಂಚು ಕಾಣುವುದಿಲ್ಲ. ಮರೆವು ಆರಂಭವಾದವಳು ಹಿಟ್ಟು ನಾದಿಟ್ಟು ಒಲೆ ಹೊತ್ತಿಸದೆ ಕೂರಬಹುದು, ಒಲೆ ಉರಿಯುತ್ತಿರುವಾಗಲೇ ಎದ್ದು ಹೊರಗೆ ಹೋಗಬಹುದು. ಒಂದೇ ಕೆಲಸದಲ್ಲಿ ಕೀಲು, ಸ್ನಾಯು, ದೃಷ್ಟಿ, ಸ್ಪರ್ಶ, ನೆನಪು ಎಲ್ಲವೂ ಕಾಣಸಿಗುವ ಇಂಥ ಪರೀಕ್ಷೆಯನ್ನು ಯಾವ ಪ್ರಯೋಗಾಲಯವೂ ಒದಗಿಸಲಾರದು.

ಬಿಟ್ಟುಕೊಟ್ಟ ಕ್ರಮವೂ ಮಾಹಿತಿಯೇ. ಮೊದಲು ನೆಲದ ಒಲೆ ಬಿಟ್ಟು ಕಟ್ಟೆಯ ಮೇಲಿನ ಗ್ಯಾಸಿಗೆ ಬರುತ್ತಾಳೆ. ಆಮೇಲೆ ಹಿಟ್ಟನ್ನು ಬೇರೆಯವರು ನಾದಿಕೊಡುತ್ತಾರೆ. ಆಮೇಲೆ ವಾರಕ್ಕೊಮ್ಮೆ ಮಾಡಿಟ್ಟ ಕಟಕ ರೊಟ್ಟಿ. ಕೊನೆಗೆ ಅನ್ನವೇ ಗತಿ. ಹಲ್ಲು ಹೋದವರು ರೊಟ್ಟಿಯನ್ನು ಬೇಳೆಯಲ್ಲಿ ಮುರಿದು ನೆನೆಸಿ ತಿನ್ನುತ್ತಾರೆ, ಆದರೆ ಕಾಳಿನ ಪಲ್ಯ, ಸೊಪ್ಪು ಕ್ರಮೇಣ ತಟ್ಟೆಯಿಂದ ಮರೆಯಾಗುತ್ತವೆ. ಪ್ರೋಟೀನ್ ಕಡಿಮೆಯಾಗಿ ಸ್ನಾಯು ಇನ್ನಷ್ಟು ಕರಗುತ್ತದೆ. ಮೊಣಕಾಲಿನಿಂದ ಆರಂಭವಾದ ತೊಂದರೆ ತಟ್ಟೆಯನ್ನು ಹಾದು ಮತ್ತೆ ಕಾಲಿಗೇ ಬರುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಮಾಡಲಾರದಿರುವುದು ಬೇರೆ, ಮಾಡದಿರುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2001ರ ಕಾರ್ಯಕ್ಷಮತೆಯ ವರ್ಗೀಕರಣ ಸಾಮರ್ಥ್ಯ ಮತ್ತು ನಿರ್ವಹಣೆಗಳನ್ನು ಬೇರ್ಪಡಿಸಿದ್ದು ಇದೇ ಕಾರಣಕ್ಕೆ. ಸೊಸೆ ಬಂದ ಮೇಲೆ ಒಲೆಯ ಮುಂದಿನಿಂದ ಎದ್ದ ಅತ್ತೆಯನ್ನು ಅಶಕ್ತಳೆಂದು ಬರೆದರೆ ತಪ್ಪು. ಸೊಸೆ ಗುಳೆ ಹೋದ ತಿಂಗಳಲ್ಲಿ ಅವಳೇ ಮತ್ತೆ ರೊಟ್ಟಿ ಬಡಿಯಬಹುದು. ಯಾರು ಮಾಡುತ್ತಾರೆ, ಯಾವಾಗಿನಿಂದ, ಏಕೆ ಬಿಟ್ಟರು, ಇಂದು ಅಗತ್ಯ ಬಿದ್ದರೆ ಆಗುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತಿ ಕೆಲಸಕ್ಕೂ ಕೇಳಬೇಕು.

ಅಳತೆಯನ್ನು ನೆಲಕ್ಕೆ ಹೊಂದಿಸುವ ಈ ಕೆಲಸ ಹೊಸದೇನಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಓದುಬರಹ ಬಾರದ ಗ್ರಾಮೀಣ ವೃದ್ಧರಿಗಾಗಿ 1995ರಲ್ಲಿ ನೆನಪಿನ ಪರೀಕ್ಷೆಯನ್ನೂ, ಅದೇ ಯೋಜನೆಯಲ್ಲಿ ಫಿಲ್ಲೆನ್‌ಬಾಮ್ ಮುಂತಾದವರು 1999ರಲ್ಲಿ ದಿನನಿತ್ಯದ ಸಾಮರ್ಥ್ಯಗಳ ಅಳತೆಯನ್ನೂ ಕಟ್ಟಿದರು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ಮೀರಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಕೈಗೊಂಡಿದೆ. ಭೀಮಾ–ಕೃಷ್ಣೆಯ ನಡುವಿನ ಒಣಭೂಮಿಯ ಹಿರಿಯರಿಗೂ ಅಂಥ ದೀರ್ಘ ಗಮನ ಸಲ್ಲಬೇಕು.

ಬೀಗ ಹಾಕಿದ ಬಾಗಿಲು

ಮನೆಮನೆ ಸಮೀಕ್ಷೆಯಲ್ಲಿ ಬೀಗ ಹಾಕಿದ ಮನೆ ಬಂದರೆ ಮುಂದಿನ ಮನೆಗೆ ಹೋಗುವುದು ರೂಢಿ. ಈ ಸೀಮೆಯಲ್ಲಿ ಅದು ಅಪಾಯದ ರೂಢಿ. ಹಿಂಗಾರಿ ಸುಗ್ಗಿಯ ಹೊತ್ತಿಗೆ ಹೋದರೆ ಗಟ್ಟಿಮುಟ್ಟಾದ ಹಿರಿಯರು ಹೊಲದಲ್ಲಿರುತ್ತಾರೆ, ಮನೆಯಲ್ಲಿ ಸಿಗುವವರು ಹಾಸಿಗೆ ಹಿಡಿದವರು. ಊರ ಹೊರಗಿನ ತೋಟದ ವಸ್ತಿಗಳಲ್ಲಿರುವ ವೃದ್ಧರು ಮನೆ ಸಂಖ್ಯೆಯ ಪಟ್ಟಿಗೇ ಬರುವುದಿಲ್ಲ. ಮೇ ತಿಂಗಳಲ್ಲಿ, ಬಿಸಿಲು 40 ಡಿಗ್ರಿ ದಾಟಿದಾಗ ಅಳೆದ ನಡಿಗೆಯ ವೇಗಕ್ಕೂ ಡಿಸೆಂಬರಿನಲ್ಲಿ ಅಳೆದದ್ದಕ್ಕೂ ಹೋಲಿಕೆ ಮಾಡುವಂತಿಲ್ಲ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕಡಿಮೆ. ಮೂತ್ರಕ್ಕೆ ಹೋಗಿಸುವ ಬಿಪಿ ಗುಳಿಗೆ ತೆಗೆದುಕೊಳ್ಳುವವರು, ರಾತ್ರಿ ಏಳಬೇಕಾದೀತೆಂದು ನೀರನ್ನೇ ಕಡಿಮೆ ಮಾಡಿದರೆ ಎದ್ದಾಗ ತಲೆ ಸುತ್ತಿ ಬೀಳುತ್ತಾರೆ. ಕತ್ತಲಲ್ಲಿ ಹಿತ್ತಲ ಶೌಚಾಲಯದ ಮೆಟ್ಟಿಲು, ಮನೆಯ ಹೊಸ್ತಿಲು ಎರಡೂ ಅಪಾಯದ ತಾಣಗಳು.

ವಯಸ್ಸು ಹಿಡಿಯುವುದೂ ಸುಲಭವಲ್ಲ. ಆಧಾರ್ ಕಾರ್ಡಿನಲ್ಲಿ ಅನೇಕರ ಹುಟ್ಟುದಿನ ಜನವರಿ 1. ಅದಕ್ಕಿಂತ 1972ರ ಬರ ಹೆಚ್ಚು ನಂಬಿಕೆಯ ಗುರುತು. ಆ ಬರದಲ್ಲಿ ಮಣ್ಣು ಹೊತ್ತಿದ್ದಿರಾ, ಮದುವೆಯಾಗಿತ್ತೇ, ಮಡಿಲಲ್ಲಿ ಕೂಸಿತ್ತೇ ಎಂದು ಕೇಳಿದರೆ ಲೆಕ್ಕ ತಾನಾಗಿ ಬರುತ್ತದೆ. ಬಸವನ ಬಾಗೇವಾಡಿ ಕಡೆಯವರಿಗೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ವರ್ಷವೂ ಅಂಥದೇ ಗುರುತು. ಆ ಹಿರಿಯರ ಮಟ್ಟಿಗೆ ಅದು ಬರೀ ದಿನಾಂಕವಲ್ಲ. ಕಟ್ಟೆ, ಗುಡಿ, ನೆರೆಮನೆ ಕಾಲಳತೆಯಲ್ಲಿದ್ದ ಹಳೆಯ ಊರಿನಲ್ಲಿ ನಡೆದಾಡುತ್ತಿದ್ದವರು ಪುನರ್ವಸತಿ ಕೇಂದ್ರದ ಅಗಲ ರಸ್ತೆಗಳ ನಡುವೆ ಮನೆಯೊಳಗೇ ಉಳಿದುಬಿಟ್ಟರೆ, ಆ ಅಶಕ್ತತೆಯಲ್ಲಿ ದೇಹದ ಪಾಲೆಷ್ಟು, ಊರಿನ ಪಾಲೆಷ್ಟು ಎಂದು ವಿಂಗಡಿಸುವುದು ಸಂಶೋಧನೆಯ ಕರ್ತವ್ಯ.

ಮಾತಾಡಿಸುವಾಗ ಮನೆಯವರನ್ನು ಸ್ವಲ್ಪ ದೂರ ಕೂರಿಸಬೇಕು. ಮಗನ ಎದುರು ತಾಯಿ “ಎಲ್ಲಾ ಬರೋಬ್ಬರಿ ಐತಿ” ಎಂದೇ ಹೇಳುತ್ತಾಳೆ.

ಜ್ಞಾನದ ಅಂಕ ಸಾಕು

ನಮ್ಮ ನರ್ಸಿಂಗ್ ಸ್ನಾತಕೋತ್ತರ ಪ್ರಬಂಧಗಳಲ್ಲಿ ಒಂದು ವಿನ್ಯಾಸ ಬೇರೂರಿದೆ. ಪೂರ್ವಪರೀಕ್ಷೆ, ಯೋಜಿತ ಬೋಧನೆ, ವಾರದ ನಂತರ ಉತ್ತರಪರೀಕ್ಷೆ, ಅಂಕ ಏರಿದೆಯೆಂಬ ತೀರ್ಮಾನ. ವಿದ್ಯಾರ್ಥಿನಿಗೆ ಸಮಯ ಕಡಿಮೆ, ಹಣವಿಲ್ಲ ಎಂಬುದು ನಿಜ. ಆದರೂ ಸಂಧಿವಾತದ ಬಗ್ಗೆ ಹತ್ತು ಪ್ರಶ್ನೆಗೆ ಸರಿಯುತ್ತರ ಹೇಳಿದ ಅಜ್ಜಿ ಮರುದಿನವೂ ಗೋಡೆ ಹಿಡಿದೇ ಏಳುತ್ತಿದ್ದರೆ ಆ ಅಂಕದಿಂದ ಅವಳಿಗೇನು ದಕ್ಕಿತು? ಅದೇ ಖರ್ಚಿನಲ್ಲಿ, ತೊಡೆಯ ಸ್ನಾಯುಗಳ ಸರಳ ವ್ಯಾಯಾಮ ಕಲಿಸಿ, ಎಂಟು ವಾರಗಳ ನಂತರ ನೆಲದಿಂದ ಏಳಲು ಎಷ್ಟು ಆಸರೆ ಬೇಕಾಯಿತೆಂದು ನೋಡಬಹುದು. ಗುಳಿಗೆಗಳನ್ನು ಬಣ್ಣದಿಂದ ಗುರುತಿಸುವ ಹಿರಿಯರಿಗೆ ಆಸ್ಪತ್ರೆಯ ಪೂರೈಕೆ ಬದಲಾಗಿ ಬೇರೆ ಬಣ್ಣದ ಪಟ್ಟಿ ಬಂದಾಗ ಏನಾಗುತ್ತದೆ ಎಂದು ಗುಳಿಗೆ ಎಣಿಸಿ ತಿಳಿಯಬಹುದು. ಹೊಸ್ತಿಲ ಬಳಿ ಒಂದು ಹಿಡಿಕೆ, ಹಿತ್ತಲಿಗೊಂದು ದೀಪ ಹಾಕಿಸಿದ ಮನೆಗಳಲ್ಲಿ ಬೀಳುವುದು ಕಡಿಮೆಯಾಯಿತೇ ಎಂದು ವರ್ಷವಿಡೀ ದಾಖಲಿಸಬಹುದು.

ಇದಕ್ಕೆ ಬೇಕಾದ ಕೈಗಳು ಊರಲ್ಲೇ ಇವೆ. ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ 2010–11ರಿಂದ ಜಾರಿಯಲ್ಲಿದ್ದು ಹಾಸಿಗೆ ಹಿಡಿದವರ ಮನೆಭೇಟಿಯನ್ನು ಅದು ಹೇಳುತ್ತದೆ. ಆಯುಷ್ಮಾನ್ ಆರೋಗ್ಯ ಮಂದಿರಗಳ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹುಪಾಲು ನರ್ಸಿಂಗ್ ಪದವೀಧರರೇ. ಓಣಿಯ ಪ್ರತಿ ಮನೆಯ ಸಂಗತಿ ಆಶಾ ಕಾರ್ಯಕರ್ತೆಗೆ ಗೊತ್ತು. ಬಿಪಿ, ಸಕ್ಕರೆಯ ಅಂಕಿಗಳ ಪಕ್ಕದಲ್ಲಿ ‘ನೆಲದಿಂದ ಏಳುತ್ತಾರೆಯೇ, ಅಡುಗೆ ಯಾರು, ಕಳೆದ ಆರು ತಿಂಗಳಲ್ಲಿ ಬಿದ್ದಿದ್ದರೇ’ ಎಂಬ ಮೂರು ಕಾಲಂ ಸೇರಿಸುವುದು ಅವರಿಗೆ ದೊಡ್ಡ ಹೊರೆಯಲ್ಲ.

ವಿಜಯಪುರದ ನರ್ಸಿಂಗ್ ಕಾಲೇಜುಗಳ ಮಾರ್ಗದರ್ಶಕರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ತಂಡದ ವಿದ್ಯಾರ್ಥಿನಿಯರಿಗೆ ವಿಷಯ ಹಂಚುವಾಗ ಒಬ್ಬಳನ್ನಾದರೂ ಲಚ್ಯಾಣಕ್ಕೋ ಅಂಥ ಇನ್ನೊಂದು ಊರಿಗೋ ಕಳಿಸಿ. ಪ್ರಶ್ನಾವಳಿ ತೆರೆಯುವ ಮೊದಲು ಒಂದು ಇಡೀ ದಿನ ಒಬ್ಬ ಹಿರಿಯರ ಜೊತೆ ಕಳೆಯಲು ಹೇಳಿ. ಅಳತೆಗೋಲಿನ ಅಂಶಗಳನ್ನು ಆ ದಿನ ಕಂಡದ್ದರಿಂದ ಆರಿಸಿಕೊಳ್ಳಲಿ.